ವಲೆಟ್ಟಾದಲ್ಲಿ ತಪ್ಪು ಕಡೆ ನಿಂತಿದ್ದ ಸೂರ್ಯನಾರಾಯಣ ಸ್ವಾಮಿಯವರಿಗೆ

ಇವರಿಗೆ: ಶ್ರೀ ಸೂರ್ಯನಾರಾಯಣ ಸ್ವಾಮಿಯವರು, ಬೆಳಕು, ಬಿಸಿಲು ಮತ್ತು ದಿಕ್ಕುಗಳ ಇಲಾಖೆಯ ಏಕೈಕ ಅಧಿಕಾರಿಗಳು, ಆಕಾಶ.

ಇವರಿಂದ: ವಸಂತಾ ಶ್ರೀಪಾದ, ಚಾರ್ಜ್ ನರ್ಸ್, ಲೋವರ್ ಹಟ್, ನ್ಯೂಜಿಲೆಂಡ್.

ವಿಷಯ: ಕಳೆದ ಅಕ್ಟೋಬರಿನ ಒಂದು ಮಧ್ಯಾಹ್ನ, ಉತ್ತರದಲ್ಲಿ ಇರಬೇಕಾಗಿದ್ದ ತಾವು ಮಾಲ್ಟಾ ದೇಶದ ವಲೆಟ್ಟಾ ಬಂದರಿನ ಮೇಲೆ ದಕ್ಷಿಣದಲ್ಲಿ ಕಂಡುಬಂದ ಬಗ್ಗೆ.

ಮಾನ್ಯರೇ,

ಲೋಕಕ್ಕೆಲ್ಲ ಕಣ್ಣಾಗಿರುವ, ಕೆಲಸಕ್ಕೆ ಸೇರಿದಂದಿನಿಂದ ಒಂದು ದಿನವೂ ರಜೆ ಹಾಕದ, ಸಿಕ್ ಲೀವ್ ಎಂಬ ಮಾತನ್ನೇ ಅರಿಯದ ತಮಗೆ ಲೋವರ್ ಹಟ್‌ನ ಒಬ್ಬ ನರ್ಸಿನ ಅನಂತ ನಮಸ್ಕಾರಗಳು. ಮೂವತ್ತೆರಡು ವರ್ಷ ಪಾಳಿಯಲ್ಲಿ ದುಡಿದವಳಾದ್ದರಿಂದ, ಹೊತ್ತಿಗೆ ಸರಿಯಾಗಿ ಡ್ಯೂಟಿಗೆ ಬರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಗೌರವ. ಆ ಲೆಕ್ಕದಲ್ಲಿ ತಮ್ಮಂಥ ಸಿಬ್ಬಂದಿ ನಮ್ಮ ವಾರ್ಡಿಗೆ ಒಬ್ಬರು ಸಿಕ್ಕಿದ್ದರೆ ನನ್ನ ಅರ್ಧ ತಲೆನೋವು ಎಂದೋ ವಾಸಿಯಾಗುತ್ತಿತ್ತು. ಇಷ್ಟು ಹೇಳಿದ ಮೇಲೆ, ಮುಂದೆ ಬರೆಯುವುದನ್ನು ತಾವು ಒಬ್ಬ ಹಿತೈಷಿಯ ಅಹವಾಲೆಂದೇ ಓದಿಕೊಳ್ಳುತ್ತೀರೆಂದು ನಂಬಿದ್ದೇನೆ.

ನಾನು ತಮ್ಮ ವಿರೋಧಿಯಲ್ಲ ಎಂಬುದಕ್ಕೆ ಸಾಕ್ಷಿ ಬೇಕಾದರೆ ನಮ್ಮ ಬೀದಿಯವರನ್ನು ಕೇಳಬಹುದು. ಮಕರ ಸಂಕ್ರಾಂತಿ ಬರುವುದು ಇಲ್ಲಿ ನಡುಬೇಸಿಗೆಯಲ್ಲಿ. ಆದರೂ ಮುಖಕ್ಕೆ ಸನ್‌ಸ್ಕ್ರೀನ್ ಬಳಿದುಕೊಂಡು ಹತ್ತು ಮನೆಗೆ ಎಳ್ಳುಬೆಲ್ಲ ಹಂಚುವವಳು ನಾನು. ರಥಸಪ್ತಮಿಗೆ ಎಕ್ಕದ ಎಲೆ ಈ ದೇಶದಲ್ಲಿ ಎಲ್ಲಿ ಹುಡುಕಲಿ ಎಂದು ಹಿತ್ತಲಿನ ನಿಂಬೆ ಎಲೆಯನ್ನೇ ತಲೆಯ ಮೇಲಿಟ್ಟುಕೊಂಡು ಮಿಂದವಳೂ ನಾನೇ. ಎಲ್ಲಕ್ಕಿಂತ ಹೆಚ್ಚಾಗಿ, ಈ ಊರಿನ ಗಾಳಿಯಲ್ಲಿ ಸಂಡಿಗೆ ಒಣಗಿಸುವ ಧೈರ್ಯ ಮಾಡಿದವರು ಇಲ್ಲಿ ಬೆರಳೆಣಿಕೆಯಷ್ಟು ಮಂದಿ. ಒಮ್ಮೆ ನನ್ನ ಅರ್ಧ ತಟ್ಟೆ ಸಂಡಿಗೆ ಹಾರಿ ಪಕ್ಕದ ಮನೆಯ ಯೂಟ್ ವಾಹನದ ತೆರೆದ ಹಿಂಬದಿಯಲ್ಲಿ ಬಿದ್ದು, ಅದರ ಯಜಮಾನ ಮಾರನೆಯ ದಿನ ಅದನ್ನು ಡಬ್ಬಿಯಲ್ಲಿ ತುಂಬಿ ತಂದುಕೊಟ್ಟು, ಇದು ಯಾವ ಹಕ್ಕಿಗೆ ಹಾಕುವ ಆಹಾರ ಎಂದು ವಿನಯದಿಂದ ವಿಚಾರಿಸಿದ್ದ. ತಮ್ಮ ಮೇಲೆ ಭರವಸೆಯಿಲ್ಲದವರು ಇಂಥ ಸಾಹಸಕ್ಕೆ ಇಳಿಯುತ್ತಾರೆಯೇ, ತಾವೇ ಹೇಳಿ.

ಇನ್ನು ನಮ್ಮ ಯಜಮಾನರ ವಿಚಾರ. ಶ್ರೀಪಾದ ಎಂದು ಹೆಸರು, ನೀರಿನ ಕೊಳವೆಗಳ ಎಂಜಿನಿಯರ್, ಮೈಸೂರಿನವರು. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷಗಳಲ್ಲಿ ಅವರು ಒಮ್ಮೆಯೂ ದಾರಿ ತಪ್ಪಿಲ್ಲ. ಕೆಲವು ಊರುಗಳು ಮಾತ್ರ ಅವರು ಹೋಗುವ ಹೊತ್ತಿಗೆ ಬೇರೆ ಕಡೆ ಇದ್ದವು, ಅಷ್ಟೆ. ಇಲ್ಲಿಗೆ ಬಂದ ಹೊಸದರಲ್ಲಿ ಗುಡ್ಡ ಹತ್ತುವವರ ಕ್ಲಬ್ಬೊಂದಕ್ಕೆ ಸೇರಿ, ಕಾಡಿನಲ್ಲಿ ಕೈಗಡಿಯಾರದಿಂದ ದಿಕ್ಕು ಹಿಡಿಯುವ ವಿದ್ಯೆಯನ್ನು ಅವರು ಕಲಿತರು. ಗಡಿಯಾರದ ಹನ್ನೆರಡರ ಗುರುತನ್ನು ಸೂರ್ಯರಾದ ತಮ್ಮ ಕಡೆಗೆ ಹಿಡಿಯುವುದು, ಆ ಗುರುತಿಗೂ ಗಂಟೆಯ ಮುಳ್ಳಿಗೂ ಸರಿಯಾಗಿ ನಡುವೆ ಯಾವ ದಿಕ್ಕು ಬರುತ್ತದೋ ಅದೇ ಉತ್ತರ. ನ್ಯೂಜಿಲೆಂಡಿನಲ್ಲಿ ಈ ಲೆಕ್ಕ ತಪ್ಪುವುದಿಲ್ಲ, ಏಕೆಂದರೆ ಇಲ್ಲಿ ಮಧ್ಯಾಹ್ನ ತಾವು ಉತ್ತರದಲ್ಲಿ ಕೂತಿರುತ್ತೀರಿ. ಮನೆ ಕೊಳ್ಳುವವರು ಮೊದಲು ಕೇಳುವುದೇ ಉತ್ತರಕ್ಕೆ ಕಿಟಕಿ ಇದೆಯೇ ಎಂದು. ನಮ್ಮ ಬಟ್ಟೆ ಒಣಗುವುದೂ ಉತ್ತರದ ಕಟ್ಟೆಯಲ್ಲೇ. ಮೈಸೂರಿನಲ್ಲಿ ಇವರ ಗಮನಕ್ಕೆ ತಾವು ಬಂದಿದ್ದು ನೆತ್ತಿ ಸುಡುವ ಹೊತ್ತಿನಲ್ಲಿ ಮಾತ್ರವಾದ್ದರಿಂದ, ತಮ್ಮ ಬಗ್ಗೆ ಇವರಿಗಿರುವ ಸಮಸ್ತ ಜ್ಞಾನವೂ ನ್ಯೂಜಿಲೆಂಡಿನ ಕಾಡಿನದು. ನಮ್ಮ ಮನೆಯಲ್ಲಿ ಖಾತೆ ಹಂಚಿಕೆ ಸ್ಪಷ್ಟವಾಗಿದೆ: ಔಷಧ, ಜ್ವರ, ನೆಂಟರಿಷ್ಟರ ಹುಟ್ಟುಹಬ್ಬ ನನ್ನವು, ದಾರಿ, ದಿಕ್ಕು, ಫ್ಯೂಸು ಅವರವು. ಡನೀಡಿನ್‌ನಲ್ಲಿ ಓದುತ್ತಿರುವ ಮಗಳು ನಿಖಿತಾ ಹೊರಡುವ ಮುಂಚೆ "ಅಪ್ಪಾ, ಪ್ಲೀಸ್, ಜಸ್ಟ್ ಯೂಸ್ ದ ಮ್ಯಾಪ್" ಎಂದು ಬೇಡಿಕೊಂಡಿದ್ದಳು. ಅದಕ್ಕೆ ಅವರು, ಸೂರ್ಯ ಇರುವಾಗ ಫೋನ್ ಯಾಕೆ ಎಂದಿದ್ದರು. ಹೀಗೆ ತಮ್ಮ ಪರವಾಗಿ ಹೆತ್ತ ಮಗಳ ಮಾತನ್ನೇ ತಳ್ಳಿಹಾಕಿದ ಭಕ್ತರನ್ನು ತಾವು ನಡುಬೀದಿಯಲ್ಲಿ ಕೈಬಿಟ್ಟಿರಲ್ಲ, ಇದು ನ್ಯಾಯವೇ?

ಅಷ್ಟು ದೂರ ವಲೆಟ್ಟಾಕ್ಕೆ ಹೋಗಿದ್ದು ಸುಮ್ಮನೆ ಊರು ನೋಡಲಿಕ್ಕಲ್ಲ. ಕೋಟೆ, ಚರ್ಚು, ಜೇನುಬಣ್ಣದ ಕಲ್ಲಿನ ಮನೆಗಳು, ಅವುಗಳ ಬಣ್ಣಬಣ್ಣದ ಮರದ ಬಾಲ್ಕನಿಗಳು, ಎರಡೂ ಕಡೆ ಬಂದರು, ಎಲ್ಲ ಚೆಂದವೇ, ಇಲ್ಲವೆನ್ನುವುದಿಲ್ಲ. ಆದರೆ ನನಗೆ ಬೇಕಾಗಿದ್ದದ್ದು ಒಂದೇ ಒಂದು ಕೋಣೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ಮೈಸೂರಿನಲ್ಲಿ ನರ್ಸಿಂಗ್ ಶಾಲೆಗೆ ಸೇರಿದ ಮೊದಲ ದಿನ, ನಮ್ಮ ಗುರುಗಳಾದ ಮಂಗಳೂರಿನ ಸನ್ಯಾಸಿನಿ ಸಿಸ್ಟರ್ ಬೆನಿಟಾ ಪುಸ್ತಕ ಮುಚ್ಚಿಟ್ಟು ಒಂದು ಸಂಗತಿ ಹೇಳಿದ್ದರು: ನಾನೂರು ವರ್ಷಗಳ ಹಿಂದೆ ಮಾಲ್ಟಾದಲ್ಲಿ ಒಂದು ಆಸ್ಪತ್ರೆಯಿತ್ತು, ಅಲ್ಲಿ ರೋಗಿಗಳನ್ನು "ನಮ್ಮ ಒಡೆಯರು" ಎಂದು ಕರೆಯುತ್ತಿದ್ದರು, ಬಡವನಿಗೂ ಬೆಳ್ಳಿ ತಟ್ಟೆಯಲ್ಲಿ ಊಟ ಕೊಡುತ್ತಿದ್ದರು, ಅದರ ದೊಡ್ಡ ವಾರ್ಡು ನೂರೈವತ್ತು ಮೀಟರಿಗೂ ಉದ್ದ. ತಗ್ಗುಬಿದ್ದ ಸ್ಟೀಲ್ ತಟ್ಟೆಯಲ್ಲಿ ಹಾಸ್ಟೆಲಿನ ಸಾರನ್ನ ತಿನ್ನುತ್ತಿದ್ದ ನಾವು ಹುಡುಗಿಯರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದೆವು. ಆದರೆ ಮುಂದೆ ಕೆಲಸದಲ್ಲಿ ಯಾರ ಮೇಲಾದರೂ ರೇಗುವ ಮೊದಲು ಆ ತಟ್ಟೆ ನನ್ನ ಕಣ್ಣ ಮುಂದೆ ಬರುತ್ತಿತ್ತು, ನಾನು ತಣ್ಣಗಾಗುತ್ತಿದ್ದೆ. ಎಷ್ಟೋ ಮಂದಿ ರೋಗಿಗಳು ನನ್ನ ಬಾಯಿಂದ ಪಾರಾಗಿದ್ದು ಆ ತಟ್ಟೆಯ ಪುಣ್ಯದಿಂದ.

ಸಿಸ್ಟರ್ ಬೆನಿಟಾಗೆ ಈಗ ಎಂಬತ್ತಾರು. ಕಾನ್ವೆಂಟಿನಲ್ಲೇ ಇದ್ದಾರೆ, ಕಣ್ಣು ಮಂಜಾಗಿದೆ. ವಲೆಟ್ಟಾಕ್ಕೆ ಹೋಗುತ್ತೇನೆ, ಫೋಟೋ ತರುತ್ತೇನೆ ಎಂದು ನಾನು ಫೋನಿನಲ್ಲಿ ಸಂಭ್ರಮಪಟ್ಟಾಗ ಅವರು, "ಫೋಟೋ ಇಟ್ಟುಕೊಂಡು ನಾನೆಂತ ಮಾಡುದು ಮಾರಾಯ್ತಿ? ಆ ವಾರ್ಡನ್ನು ಈ ತುದಿಯಿಂದ ಆ ತುದಿಗೆ ನಡಿ. ಎಷ್ಟು ಹೆಜ್ಜೆ ಅಂತ ಹೇಳು. ನಾನಿಲ್ಲಿ ವರಾಂಡದಲ್ಲಿ ಅಷ್ಟೇ ನಡೆದು ನೋಡ್ತೇನೆ" ಎಂದರು. ಐವತ್ತೇಳು ವರ್ಷದ, ಇಪ್ಪತ್ತು ಜನರ ಮೇಲೆ ಅಧಿಕಾರ ನಡೆಸುವ ನಾನು ಫೋನ್ ಹಿಡಿದುಕೊಂಡೇ ಎದ್ದು ನಿಂತು "ಯೆಸ್ ಸಿಸ್ಟರ್" ಎಂದೆ. ತಾವು ಗಮನಿಸಬೇಕಾದ ಸಂಗತಿ ಇದು: ಆ ಮಧ್ಯಾಹ್ನ ನನ್ನ ಕೈಯಲ್ಲಿದ್ದದ್ದು ಪ್ರವಾಸವಲ್ಲ, ಸಿಸ್ಟರಿಗೆ ಕೊಟ್ಟ ಮಾತು.

ನಾವು ಪ್ರವಾಸ ಹೊರಟಿದ್ದ ಹಡಗು ಹನ್ನೊಂದೂವರೆಗೆ ಬಂದರು ಸೇರಿತು. ಸಂಜೆ ಐದಕ್ಕೆಲ್ಲ ಮತ್ತೆ ಹತ್ತಬೇಕಿತ್ತು. ಈಗ ರೋಗಿಗಳಿಲ್ಲದೆ, ಪ್ರವಾಸಿಗರಿಗೆಂದು ತೆರೆದಿಟ್ಟಿರುವ ಆ ವಾರ್ಡು ನೋಡಲು ಆ ದಿನ ಕೊನೆಯ ಪ್ರವೇಶ ಮೂರೂವರೆಗೆ. ಫೋನಿದ್ದರೆ ಕಣ್ಣು ಊರನ್ನು ನೋಡುವುದಿಲ್ಲ ಎಂಬ ನಮ್ಮವರ ಸಿದ್ಧಾಂತದ ಪ್ರಕಾರ ಎರಡು ಫೋನುಗಳೂ ಹಡಗಿನ ಕೋಣೆಯಲ್ಲಿ ವಿಶ್ರಾಂತಿ ಪಡೆಯುತ್ತಿದ್ದವು. ಬಂದರಿನಿಂದ ಲಿಫ್ಟಿನಲ್ಲಿ ಮೇಲೆ ಹತ್ತಿ, ಕೋಟೆಗೋಡೆಯ ಮೇಲಿನ ತೋಟದಲ್ಲಿ ನಿಂತು, ಹನ್ನೆರಡಕ್ಕೆ ಸರಿಯಾಗಿ ಹಾರಿಸುವ ತೋಪನ್ನು ನೋಡಿದೆವು. ನಮ್ಮವರು ಆ ತೋಪಿಗೆ ಗಡಿಯಾರ ಹೊಂದಿಸಿಕೊಂಡರು. ಚಪಾತಿ ಸುರುಳಿ, ಚಟ್ನಿಪುಡಿ ತಿಂದು ಮುಗಿಸುವಾಗ ಒಂದು ಗಂಟೆ. ಆಸ್ಪತ್ರೆ ಇರುವುದು ಊರಿನ ಉತ್ತರದ ತುದಿಯಲ್ಲಿ, ನಡೆದರೆ ಹೆಚ್ಚೆಂದರೆ ಹದಿನೈದು ನಿಮಿಷ ಎಂದು ಹಡಗಿನಲ್ಲೇ ಓದಿಕೊಂಡಿದ್ದರು. ಮುಂಗೈಯನ್ನು ಪಂಚಾಂಗ ನೋಡುವವರ ಗಾಂಭೀರ್ಯದಿಂದ ಮುಂದೆ ಚಾಚಿ, ಹನ್ನೆರಡರ ಗುರುತನ್ನು ತಮಗೆ ಒಪ್ಪಿಸಿ, ತಮ್ಮ ಶ್ರೀಮುಖವನ್ನೇ ಉತ್ತರವೆಂದು ಬಗೆದು, ಬಾ ಎಂದು ಹೊರಟರು. ನಾನು ಹಿಂಬಾಲಿಸಿದೆ. ಸಪ್ತಪದಿಯಲ್ಲಿ ದಿಕ್ಕಿನ ಬಗ್ಗೆ ಯಾವ ಷರತ್ತನ್ನೂ ಹಾಕಿರಲಿಲ್ಲವಲ್ಲ.

ಮಾನ್ಯರೇ, ವಲೆಟ್ಟಾ ಎಷ್ಟು ದೊಡ್ಡ ಊರೆಂದು ತಮಗೆ ಗೊತ್ತೇ ಇದೆ, ಮೇಲಿನಿಂದ ನೋಡುತ್ತೀರಿ. ಒಂದು ಕಿಲೋಮೀಟರ್ ಉದ್ದ, ಅದಕ್ಕಿಂತ ಕಡಿಮೆ ಅಗಲ, ಬೀದಿಗಳೆಲ್ಲ ಚೌಕಾಬಾರದ ಮನೆಗಳಂತೆ ನೆಟ್ಟಗೆ. ಇಂಥ ಊರಿನಲ್ಲಿ ದಾರಿ ತಪ್ಪುವುದು ಸಾಮಾನ್ಯರಿಂದ ಆಗುವ ಕೆಲಸವಲ್ಲ. ತಮ್ಮನ್ನೇ ನಂಬಿ ನಡೆದ ನಾವು ಕಾಲು ಗಂಟೆಯಲ್ಲಿ ಊರಿನ ಹೆಬ್ಬಾಗಿಲನ್ನೇ ದಾಟಿ ಹೊರಗೆ ಬಿದ್ದೆವು. ಎದುರಿಗೆ ಕಾರಂಜಿ, ಸಾಲಾಗಿ ಬಸ್ಸುಗಳು. ಇಷ್ಟು ಬಸ್ಸುಗಳು ನಿಂತಿವೆಯೆಂದರೆ ಆಸ್ಪತ್ರೆ ಹತ್ತಿರದಲ್ಲೇ ಇರಬೇಕು ಎಂದು ನಮ್ಮವರು ತರ್ಕಿಸಿದರು. ದಾರಿ ತೋರಿಸುವ ಫಲಕಗಳಿದ್ದವು, ಆದರೆ ಅವು ಪ್ರವಾಸಿಗರಿಗೆಂದು ಹಾಕಿದವು. ಪಕ್ಕದ ಪೇಟೆಯಲ್ಲಿ ಇನ್ನೂ ಮುಕ್ಕಾಲು ಗಂಟೆ ನಡೆದು, ಅಲ್ಲೊಂದು ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಸಿ ಬ್ರೆಡ್ಡು ತೆಗೆದುಕೊಳ್ಳುತ್ತಿದ್ದ ಒಬ್ಬ ಅಜ್ಜಿಯನ್ನು ಕಂಡೆವು. ನಮ್ಮವರು ಆಕೆಯನ್ನು ದಾರಿ ಕೇಳುವ ಬದಲು, ಆಸ್ಪತ್ರೆಗೆ ಹೀಗೇ ನೇರ ಹೋಗಬೇಕೆಂದು ಆಕೆಗೇ ಹೇಳಿಕೊಟ್ಟರು. ಆ ತಾಯಿ ಬುಟ್ಟಿಯನ್ನು ಅರ್ಧದಲ್ಲೇ ತೂಗುಬಿಟ್ಟು ಎರಡೂ ಕೈಗಳಿಂದ ನಾವು ಬಂದ ಕಡೆಗೇ ತೋರಿಸಿದಳು. ಸ್ಥಳೀಯರಿಗೆ ತಮ್ಮ ಊರಿನ ದಿಕ್ಕೇ ಗೊತ್ತಿರುವುದಿಲ್ಲ ಎಂದು ಇವರು ಮರುಕಪಟ್ಟರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವುದು ಇಂಥವರನ್ನು ನೋಡಿಯೇ ಇರಬೇಕು.

ಆದರೂ ಆಕೆಯ ಗೌರವಕ್ಕೆಂದು ಹಿಂತಿರುಗಿ ಹೆಬ್ಬಾಗಿಲು ದಾಟಿದಾಗ ಎರಡೂವರೆಯ ಹತ್ತಿರ. ಮತ್ತೆ ಮುಂಗೈ, ಮತ್ತೆ ಹನ್ನೆರಡರ ಗುರುತು. ಅಷ್ಟರಲ್ಲಿ ತಾವೂ ಸ್ವಲ್ಪ ಸರಿದಿದ್ದಿರಿ, ಗಂಟೆಯ ಮುಳ್ಳೂ ಸರಿದಿತ್ತು. ಹಾಗಾಗಿ ಈ ಸಲ ಉತ್ತರವು ಪಶ್ಚಿಮಕ್ಕೆ ಬಂತು. ಇಳಿಜಾರಿನ ಮೆಟ್ಟಿಲುಬೀದಿಯೊಂದನ್ನು ಪೂರ್ತಿ ಇಳಿದು, ಇಡೀ ಊರಿಗೆ ಬೆನ್ನು ಹಾಕಿ, ಇನ್ನೊಂದು ಬಂದರಿನ ನೀರಿನ ಅಂಚಿಗೆ ಬಂದು ನಿಂತೆವು. ನನ್ನ ಎಡ ಮಂಡಿ ನನ್ನೊಡನೆ ಮಾತು ಬಿಟ್ಟಿತ್ತು. ನನಗೆ ಅಳು ಬಂದಿತ್ತು, ಸಿಟ್ಟೂ ಬಂದಿತ್ತು. ಯಾವುದು ಮೊದಲು ಹೊರಗೆ ಬರಬೇಕೆಂದು ಅವೆರಡೂ ಜಗಳವಾಡುತ್ತಿದ್ದುದರಿಂದ ನಾನು ಸುಮ್ಮನೆ ಒಂದು ಕಲ್ಲುಬೆಂಚಿನ ಮೇಲೆ ಕೂತೆ.

ತಮ್ಮ ಗುಟ್ಟು ಹೊರಬಿದ್ದದ್ದು ಆ ಬೆಂಚಿನ ಮೇಲೆ. ಇಪ್ಪತ್ತು ವರ್ಷ ಸಂಡಿಗೆ ತಟ್ಟೆ ಸರಿಸಿದವಳಿಗೆ ನೆರಳು ಯಾವ ಕಡೆಗೆ ಜರುಗುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಬೆಂಚಿನ ಮೇಲೆ ಕಂಬವೊಂದರ ನೆರಳು ಬಿದ್ದಿತ್ತು. ಇನ್ನು ಹತ್ತು ನಿಮಿಷಕ್ಕೆ ಅದು ಇತ್ತ ಬರುತ್ತದೆ ಎಂದು ನಮ್ಮ ಮನೆಯ ಕಟ್ಟೆಯ ಅಂದಾಜಿನಲ್ಲಿ ಅದರ ಒಂದು ಬದಿಗೆ ಕೂತಿದ್ದೆ. ನೆರಳು ಬರಲಿಲ್ಲ. ಬದಲಿಗೆ, ಇದ್ದ ಚೂರು ನೆರಳೂ ನನ್ನನ್ನು ಬಿಟ್ಟು ಆ ಕಡೆಗೆ ಸರಿದು, ತಾವು ನನ್ನ ಮಡಿಲಲ್ಲಿ ಬಂದು ಕೂತಿರಿ. ಆಗ ನನಗೆ ಹೊಳೆಯಿತು: ಈ ದೇಶದಲ್ಲಿ ತಾವು ನಡೆಯುವುದೇ ಉಲ್ಟಾ. ಇಲ್ಲಿ ಮಧ್ಯಾಹ್ನದ ತಮ್ಮ ಕುರ್ಚಿ ದಕ್ಷಿಣಕ್ಕೆ. ನಾವು ಎರಡು ಗಂಟೆ ಹೊತ್ತು ಅತ್ಯಂತ ಶ್ರದ್ಧೆಯಿಂದ ಆಸ್ಪತ್ರೆಯಿಂದ ದೂರ ನಡೆದಿದ್ದೆವು.

"ರೀ, ಸೂರ್ಯ ಈ ಕಡೆ ಹೋಗ್ತಿದಾನೆ ನೋಡಿ" ಎಂದೆ. ನಮ್ಮವರು ನೆರಳು ನೋಡಿದರು, ಗಡಿಯಾರ ನೋಡಿದರು, ತಮ್ಮನ್ನು ನೋಡಿದರು. ಬಿಸಿಲಲ್ಲಿ ಕಣ್ಣು ಕಿರಿದಾಗಿಸಿಕೊಂಡು, ದಾರಿ ತಪ್ಪದ ಇಪ್ಪತ್ತೊಂಬತ್ತು ವರ್ಷಗಳ ದಾಖಲೆಯನ್ನು ಉಳಿಸಿಕೊಳ್ಳುವ ತೀರ್ಪನ್ನು ಕೊಟ್ಟರು: ಸೂರ್ಯ ತಪ್ಪು ಜಾಗದಲ್ಲಿದ್ದಾನೆ. ಕುಣಿಯಲಾರದವಳು ನೆಲ ಡೊಂಕು ಎಂದಳು ಎಂಬ ಗಾದೆಯನ್ನು ದಯವಿಟ್ಟು ತಾವು ಇಲ್ಲಿ ನೆನೆಯಬಾರದು. ಪತಿಯ ಮಾತಿನಲ್ಲಿ ನನಗೆ ಪೂರ್ಣ ವಿಶ್ವಾಸವಿದೆ. ಈ ದೂರನ್ನು ನಾನು ಸಲ್ಲಿಸುತ್ತಿರುವುದೇ ಆ ತೀರ್ಪಿನ ಆಧಾರದ ಮೇಲೆ.

ಮುಂದಿನ ಅರ್ಧ ಗಂಟೆಯನ್ನು ವರ್ಣಿಸಿ ತಮ್ಮ ಸಮಯ ಹಾಳು ಮಾಡುವುದಿಲ್ಲ. ತಮ್ಮ ಕಡೆಗೆ ಬೆನ್ನು ಮಾಡಿ ನಡೆದರೆ ಗುರಿ ಮುಟ್ಟಬಹುದೆಂಬ ಒಂದೇ ನಿಯಮವನ್ನು ಹಿಡಿದು, ಇಳಿದಷ್ಟೂ ಮೆಟ್ಟಿಲುಗಳನ್ನು ಹತ್ತಿ, ಒಂದು ಕೈಯಲ್ಲಿ ಮಂಡಿ, ಇನ್ನೊಂದು ಕೈಯಲ್ಲಿ ಗಂಡನ ತೋಳು ಹಿಡಿದು, ಮೂರು ಗಂಟೆ ಇಪ್ಪತ್ತೆಂಟು ನಿಮಿಷಕ್ಕೆ ಆ ಬಾಗಿಲಿಗೆ ಬಂದೆ. ಟಿಕೆಟ್ ಕೊಡುತ್ತಿದ್ದ ಹುಡುಗಿ ನನ್ನ ಮುಖ ನೋಡಿ ಮೊದಲು ನೀರು ಕೊಟ್ಟಳು. ಇವಳು ನರ್ಸ್ ಆಗಬೇಕಿತ್ತು ಎಂದುಕೊಂಡೆ.

ಇನ್ನು ಆ ಕೋಣೆ. ಮಂಚಗಳಿಲ್ಲ, ತಟ್ಟೆಗಳಿಲ್ಲ, ಕಲ್ಲಿನ ನೆಲ, ಎತ್ತರದ ಮರದ ಚಾವಣಿ, ಆ ತುದಿಯಲ್ಲಿ ನಿಂತವರು ಬೆರಳುದ್ದ ಕಾಣುವಷ್ಟು ದೂರ. ಒಂದು, ಎರಡು, ಮೂರು ಎಂದು ಎಣಿಸುತ್ತ ಹೊರಟೆ. ಹತ್ತೊಂಬತ್ತರವರೆಗೆ ನೆನಪಿದೆ. ಆಮೇಲೆ ನನ್ನ ಕತ್ತು ತಾನಾಗಿ ಎಡಕ್ಕೆ ತಿರುಗಿತು, ಆಮೇಲೆ ಬಲಕ್ಕೆ. ವಾರ್ಡಿನಲ್ಲಿ ನಡೆಯುವಾಗ ಪ್ರತಿ ಮಂಚದ ಮುಂದೆಯೂ ಮೊದಲು ಮುಖ, ಆಮೇಲೆ ಡ್ರಿಪ್ಪು, ಆಮೇಲೆ ಚಾರ್ಟು ನೋಡುವುದು ಸಿಸ್ಟರ್ ಹಾಕಿಕೊಟ್ಟ ಅಭ್ಯಾಸ. ಮೂವತ್ತೆರಡು ವರ್ಷ ಮಾಡಿದ್ದನ್ನು ಕತ್ತು ಮರೆಯುತ್ತದೆಯೇ? ಖಾಲಿ ಜಾಗದಲ್ಲಿ ಮಲಗಿದ್ದವರೆಲ್ಲ ನನಗೆ ಕಂಡರು ಎಂದರೆ ತಾವು ನಗಬಹುದು. ನಮ್ಮ ಲೋವರ್ ಹಟ್‌ನ ಅಜ್ಜಂದಿರು, ಮೈಸೂರಿನಲ್ಲಿ ನಾನು ಮೊದಲ ಸಲ ಸೂಜಿ ಚುಚ್ಚಿದಾಗ ನನಗೇ ಧೈರ್ಯ ಹೇಳಿದ್ದ ಟಾಂಗಾ ಗಾಡಿಯವ, ಎಲ್ಲರೂ ಇದ್ದರು. ಆ ತುದಿಯ ಗೋಡೆಗೆ ಕೈ ಮುಟ್ಟಿದಾಗ ನನ್ನ ಕಣ್ಣು ತುಂಬಿತ್ತು, ಎಣಿಕೆ ಎಲ್ಲಿ ಹೋಯಿತೋ ಗೊತ್ತಿರಲಿಲ್ಲ. ಅತ್ತ ಕಾವಲಿನವನು ಬೀಗದ ಕೈ ಹಿಡಿದು ನಿಂತಿದ್ದ. ಮತ್ತೊಮ್ಮೆ ನಡೆಯುವ ಹೊತ್ತೂ ಇರಲಿಲ್ಲ, ಮಂಡಿಯೂ ಇರಲಿಲ್ಲ. ಸಿಸ್ಟರಿಗೆ ಇನ್ನು ಏನು ಹೇಳಲಿ?

ಆಗ ಹಿಂದಿನಿಂದ ನಮ್ಮವರು ಮೆಲ್ಲಗೆ, "ಇನ್ನೂರ ಏಳು" ಎಂದರು. ಬಾಗಿಲಿನಿಂದ ಹೆಜ್ಜೆ ಎಣಿಸುತ್ತ ನನ್ನ ಹಿಂದೆಯೇ ನಡೆದು ಬಂದಿದ್ದರು. ತಿರುಗಿ ನೋಡಿದೆ. "ನೀನು ಎಣಿಸಲ್ಲ ಅಂತ ನಂಗೊತ್ತಿತ್ತು ಕಣೇ, ಮಂಚ ನೋಡ್ತಾ ಹೋಗ್ತೀಯ" ಎಂದರು. ಎರಡು ಗಂಟೆ ಕಾಲ ಕೂಡಿಟ್ಟಿದ್ದ ಬೈಗುಳವೆಲ್ಲ ಕರಗಿಹೋಯಿತು. ದಿಕ್ಕು ತಿಳಿಯದಿದ್ದರೂ ಹೆಂಡತಿಯನ್ನು ತಿಳಿದ ಗಂಡಸು, ಸ್ವಾಮೀ. ತಮ್ಮಿಂದ ಆದ ನಷ್ಟದಲ್ಲಿ ಇಷ್ಟನ್ನು ಕಳೆದು ಉಳಿದದ್ದಕ್ಕೆ ಮಾತ್ರ ತಮ್ಮನ್ನು ಹೊಣೆ ಮಾಡುತ್ತಿದ್ದೇನೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಏನೆಂದರೆ, ಭೂಮಧ್ಯರೇಖೆ ದಾಟುವ ಪ್ರತಿಯೊಬ್ಬ ನ್ಯೂಜಿಲೆಂಡಿನ ಗಂಡಸಿಗೂ ತಾವು ಕುರ್ಚಿ ಬದಲಾಯಿಸಿದ ಸುದ್ದಿಯನ್ನು ಮೂರು ದಿನ ಮುಂಚಿತವಾಗಿ ಲಿಖಿತದಲ್ಲಿ ತಿಳಿಸಬೇಕು. ಅದು ಕಷ್ಟವಾದರೆ, ವಲೆಟ್ಟಾದ ಮೇಲೆ ಮಾತ್ರವಾದರೂ ವಾರಕ್ಕೊಂದು ದಿನ, ಮಂಗಳವಾರವಾದರೂ ಸರಿ, ಉತ್ತರದಲ್ಲಿ ಕೂರುವ ಏರ್ಪಾಡು ಮಾಡಬೇಕು. ಏಳು ಕುದುರೆಗಳಿವೆ, ಸಾರಥಿ ಇದ್ದಾನೆ, ಒಂದು ಯೂ ಟರ್ನ್‌ಗೆ ಏನು ಮಹಾ ಅಡ್ಡಿ? ಮಾಲ್ಟಾದ ಜನ ಸ್ವಲ್ಪ ಗಾಬರಿಯಾದಾರು. ಆ ಬಾಲ್ಕನಿಯ ಅಜ್ಜಿಯನ್ನು ಒಪ್ಪಿಸುವ ಹೊಣೆ ನನಗಿರಲಿ.

ಊರಿಗೆ ಮರಳಿದ ಮೇಲೆ ಸಿಸ್ಟರ್ ಬೆನಿಟಾಗೆ ಫೋನ್ ಮಾಡಿ ಇನ್ನೂರ ಏಳು ಎಂದು ವರದಿ ಒಪ್ಪಿಸಿದೆ. ಸುಳ್ಳು ಬಾಯಿಗೆ ಬಾರದೆ, ಎಣಿಸಿದವರು ಯಾರೆಂದೂ ಹೇಳಿದೆ. ಅವರು ಸರಿ ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಐದನೆಯ ದಿನ ಅವರೇ ಫೋನ್ ಮಾಡಿದರು. ವಾಕರ್ ಹಿಡಿದು, ದಿನಕ್ಕೆ ಇಷ್ಟಿಷ್ಟು ಎಂದು, ನಾಲ್ಕು ದಿನದಲ್ಲಿ ಆ ವರಾಂಡದಲ್ಲಿ ಇನ್ನೂರ ಏಳು ಹೆಜ್ಜೆ ಮುಗಿಸಿದ್ದಾರಂತೆ. ನಾನು ಫೋನ್ ಹಿಡಿದುಕೊಂಡೇ ಮತ್ತೆ ಎದ್ದು ನಿಂತೆ. ಅವರು ಮಾತ್ರ ಎಂದಿನ ಧ್ವನಿಯಲ್ಲಿ, "ಆದ್ರೆ ಅದು ಗಂಡಸಿನ ಹೆಜ್ಜೆ ಅಲ್ವನಾ ಹುಡುಗಿ? ವಾರ್ಡು ಅಳೆಯುದು ನರ್ಸಿನ ಹೆಜ್ಜೆಯಲ್ಲಿ. ಇನ್ನೊಮ್ಮೆ ಹೋಗಿ ಸರಿಯಾಗಿ ಎಣಿಸಿ ಬಾ. ಅಷ್ಟರವರೆಗೆ ನಾನು ಎಲ್ಲಿಗೂ ಹೋಗುದಿಲ್ಲ" ಎಂದರು.

ಎಂಬತ್ತಾರರ ವಯಸ್ಸಿನಲ್ಲಿ ಆಡಿದ ಮಾತದು. ನಾನು ಹಗುರವಾಗಿ ತೆಗೆದುಕೊಳ್ಳಲಾರೆ, ತಾವೂ ತೆಗೆದುಕೊಳ್ಳಕೂಡದು. ದಿನಗಳನ್ನು ಹುಟ್ಟಿಸುವ ಖಾತೆ ತಮ್ಮದೇ ಆದ್ದರಿಂದ, ಆ ವರಾಂಡಕ್ಕೆ ಬೇಕಾದಷ್ಟು ದಿನಗಳನ್ನು ತಪ್ಪದೆ ಕಳುಹಿಸಿಕೊಡುತ್ತೀರೆಂದು ನಂಬಿ, ನನ್ನ ಉಳಿದ ಬೇಡಿಕೆಗಳನ್ನೆಲ್ಲ ಬೇಕಾದರೆ ಕಸದ ಬುಟ್ಟಿಗೆ ಹಾಕಲು ತಮಗೆ ಅನುಮತಿ ಕೊಟ್ಟು, ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಇಲ್ಲಿಗೆ ಮುಗಿಸುತ್ತೇನೆ.

ಇಂತಿ, ಬಿಸಿಲಲ್ಲಿ ನಿಂತೂ ತಮ್ಮಲ್ಲಿ ನಂಬಿಕೆ ಕಳೆದುಕೊಳ್ಳದ,
ತಮ್ಮ ವಿಶ್ವಾಸಿ,
ವಸಂತಾ ಶ್ರೀಪಾದ

ತಾ.ಕ.: ಬರುವ ಏಪ್ರಿಲಿಗೆ ಟಿಕೆಟ್ ಆಗಿದೆ. ಈ ಸಲ ಮುಂದೆ ನಡೆಯುವವಳು ನಾನು. ನಾನು ಎಣಿಸುವಾಗ ಎಡಬಲದ ಮಂಚಗಳನ್ನು ನೋಡಿಕೊಳ್ಳುವ ಕೆಲಸ ನಮ್ಮವರದು, ಒಪ್ಪಿಕೊಂಡಿದ್ದಾರೆ. ತಾವು ದಾರಿ ತೋರಿಸುವ ತೊಂದರೆ ತೆಗೆದುಕೊಳ್ಳಬೇಡಿ. ಬೆಳಕು ಕೊಟ್ಟರೆ ಸಾಕು.